ಆಗುಂಬೆ ಘಾಟಿಯಲ್ಲೇ ವಾಂತಿ ಮಾಡುವವರು ಹಡಗು ಹತ್ತಬಹುದೇ?

ಪ್ರಶ್ನೆ: ಡಾಕ್ಟರೇ, ನಾನು ಶಿವಮೊಗ್ಗದವಳು, 61 ವರ್ಷ, ಹೈಸ್ಕೂಲ್ ಶಿಕ್ಷಕಿಯಾಗಿ ನಿವೃತ್ತಿಯಾಗಿದ್ದೇನೆ. ಮಗ ಸೊಸೆ ಮೊಮ್ಮಕ್ಕಳು ಸಿಂಗಪುರದಲ್ಲಿದ್ದಾರೆ. ಡಿಸೆಂಬರಿನಲ್ಲಿ ನಾವು ಅಲ್ಲಿಗೆ ಹೋದಾಗ ನಾಲ್ಕು ರಾತ್ರಿಯ ಕ್ರೂಸಿಗೆಂದು ಮಗ ನಮ್ಮನ್ನು ಕೇಳದೆ ಟಿಕೆಟ್ ಮಾಡಿಬಿಟ್ಟಿದ್ದಾನೆ. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್. ನನಗೆ ಆಗುಂಬೆ ಘಾಟಿ ಇಳಿಯುವಷ್ಟರಲ್ಲಿ ಎರಡು ಸಲ ವಾಂತಿಯಾಗುತ್ತದೆ. ಈಜು ಬರುವುದಿಲ್ಲ. ಕೊಚ್ಚಿ ಹತ್ತಿರ ಹಡಗು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ನಿದ್ದೆಯಲ್ಲೂ ಅದೇ ಬರುತ್ತದೆ. ಹದಿನೈದು ಅಂತಸ್ತಿನ ಕಟ್ಟಡ ನೀರಿನ ಮೇಲೆ ವಾಲದೆ ನಿಲ್ಲುವುದಾದರೂ ಹೇಗೆ? ಊಟದಲ್ಲಿ ಮೊಟ್ಟೆಯೂ ಮುಟ್ಟುವವರಲ್ಲ ನಾವು. ನಮ್ಮ ಅತ್ತೆಯವರಂತೂ ಸಮುದ್ರ ದಾಟುವುದೇ ಬೇಡ ಎನ್ನುತ್ತಾರೆ. ಯಜಮಾನರಿಗೆ 66, ಸಕ್ಕರೆ ಕಾಯಿಲೆಯಿದೆ, ಜುಲೈಯಲ್ಲಿ ಒಂದು ಸ್ಟೆಂಟ್ ಹಾಕಿದ್ದಾರೆ, ಈಗ ಚೆನ್ನಾಗಿದ್ದಾರೆ. ಟಿಕೆಟ್ ರದ್ದು ಮಾಡಿಸಲೇ ಅಥವಾ ಧೈರ್ಯ ಮಾಡಲೇ?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮುಳುಗುವುದರ ಬಗ್ಗೆ, ವಾಂತಿಯ ಬಗ್ಗೆ, ಊಟದ ಬಗ್ಗೆ ನಾಲ್ಕಾರು ಸಾಲು ಬರೆದಿದ್ದೀರಿ. ನಿಮ್ಮ ಯಜಮಾನರ ಸ್ಟೆಂಟ್ ಮಾತ್ರ ಅರ್ಧ ಸಾಲಿನಲ್ಲಿ ಬಂದು ಹೋಗಿದೆ. ಒಂಬತ್ತು ವರ್ಷ ಹಡಗುಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನನಗೆ ನಿದ್ದೆ ಕೆಡಿಸುವುದು ಆ ಅರ್ಧ ಸಾಲು. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿದ್ದನ್ನು ನೋಡೋಣ.

2025ರ ಮೇನಲ್ಲಿ ಕೊಚ್ಚಿ ಬಳಿ ಮುಳುಗಿದ್ದು ಕಂಟೈನರ್ ಸಾಗಿಸುವ ಹಡಗು, ಹೆಸರು ಎಂಎಸ್‌ಸಿ ಎಲ್ಸಾ 3. ಪೆಟ್ಟಿಗೆಗಳು ನೀರಿಗೆ ಜಾರುವ ದೃಶ್ಯವನ್ನು ಟಿವಿಯವರು ನೂರು ಸಲ ತೋರಿಸಿದರು. ಅದರಲ್ಲಿದ್ದ 24 ಸಿಬ್ಬಂದಿಯೂ ಜೀವಂತ ದಡ ಸೇರಿದರು ಎಂಬುದನ್ನು ಅಷ್ಟು ಸಲ ಹೇಳಲಿಲ್ಲ. ಅದು ಸರಕಿನ ಹಡಗು, ನೀವು ಹತ್ತುವುದು ಜನರ ಹಡಗು. ಎರಡರ ರಚನೆ ಬೇರೆ, ನಿಯಮ ಬೇರೆ. ಒಂದನ್ನು ನೋಡಿ ಇನ್ನೊಂದಕ್ಕೆ ಹೆದರುವುದು, ಮರಳಿನ ಲಾರಿ ಮಗುಚಿತೆಂದು ರೈಲಿಗೆ ಹೆದರಿದ ಹಾಗೆ.

ಹದಿನೈದು ಅಂತಸ್ತು ಹೇಗೆ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಎಂಜಿನ್, ಎಣ್ಣೆಯ ಟ್ಯಾಂಕು, ಕುಡಿಯುವ ನೀರಿನ ಟ್ಯಾಂಕು, ಭಾರದ್ದೆಲ್ಲ ತಳದಲ್ಲಿರುತ್ತದೆ. ಕಣ್ಣಿಗೆ ಕಾಣುವ ಮೇಲಿನ ಅಂತಸ್ತುಗಳು ಆ ಲೆಕ್ಕದಲ್ಲಿ ಹಗುರ, ಬಹುಪಾಲು ಖಾಲಿ ಕೋಣೆಗಳೇ. ಚನ್ನಪಟ್ಟಣದ ಗೊಂಬೆಗಳಲ್ಲಿ ತಳ ಭಾರವಿದ್ದು, ತಳ್ಳಿದರೂ ಎದ್ದು ನಿಲ್ಲುವಂಥದ್ದು ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಇದರ ಜೊತೆಗೆ ನೀರಿನ ಮಟ್ಟಕ್ಕಿಂತ ಕೆಳಗೆ, ಎರಡು ಪಕ್ಕದಲ್ಲೂ ಮೀನಿನ ಈಜುರೆಕ್ಕೆಯಂಥ ದೊಡ್ಡ ರೆಕ್ಕೆಗಳು ಹೊರಚಾಚುತ್ತವೆ. ಸ್ಟೆಬಿಲೈಸರ್ ಎನ್ನುತ್ತಾರೆ. ಹಡಗು ಒಂದು ಪಕ್ಕಕ್ಕೆ ವಾಲತೊಡಗಿದರೆ ಇವು ತಿರುಗಿ ಎದುರು ಒತ್ತಡ ಕೊಡುತ್ತವೆ. ಪಕ್ಕದಿಂದ ಪಕ್ಕಕ್ಕೆ ತೂಗಾಡುವುದನ್ನು ಇವು ಚೆನ್ನಾಗಿ ತಡೆಯುತ್ತವೆ. ಮುಂಭಾಗ ಎದ್ದು ಬೀಳುವುದನ್ನು ಮಾತ್ರ ಅಷ್ಟಾಗಿ ತಡೆಯಲಾರವು.

ಅಪಘಾತ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. 1912ರಲ್ಲಿ ಟೈಟಾನಿಕ್‌ನಲ್ಲಿ ಸುಮಾರು 2,200 ಜನರಿದ್ದರು, ದೋಣಿಗಳಲ್ಲಿ ಜಾಗ ಇದ್ದದ್ದು 1,178 ಜನಕ್ಕೆ. ಅದಾಗಿ ಎರಡು ವರ್ಷಕ್ಕೆ, 1914ರಲ್ಲಿ, ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಇವತ್ತು ಹಡಗಿನಲ್ಲಿರುವ ಎಲ್ಲರಿಗೂ ಜೀವರಕ್ಷಕ ದೋಣಿ, ತೆಪ್ಪಗಳಲ್ಲಿ ಜಾಗ ಇರಬೇಕು, ಅದರ ಮೇಲೆ ಹೆಚ್ಚುವರಿ ತೆಪ್ಪಗಳೂ ಇರಬೇಕು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು ಮಗುಚಿದಾಗ 32 ಜನ ಸತ್ತರು. ಆ ಸಂಜೆ ಹತ್ತಿದವರಿಗೆ ತುರ್ತು ಕವಾಯತು ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗ ನಿಯಮವಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ಆಗಲೇಬೇಕು. ಹಾಗಾಗಿ ಹತ್ತಿದ ದಿನ ಈ ಕವಾಯತಿಗೆ 'ಮಸ್ಟರ್' ಎಂದು ಕರೆದಾಗ ಮೊಮ್ಮಕ್ಕಳ ಜೊತೆ ಐಸ್‌ಕ್ರೀಮ್ ಸಾಲಿನಲ್ಲಿ ನಿಂತಿರಬೇಡಿ. ನಿಮ್ಮ ಜಾಗ ಎಲ್ಲಿದೆ ಎಂದು ನಡೆದುಹೋಗಿ ನೋಡಿ ಬನ್ನಿ. ಏಳು ಸಲ ಗಿಡ್ಡ, ಒಂದು ಸಲ ಉದ್ದ ಸೈರನ್ ಕೇಳಿದರೆ ಅಲ್ಲಿಗೆ ಹೋಗಬೇಕು, ಇಷ್ಟು ಗೊತ್ತಿದ್ದರೆ ಸಾಕು. ದೋಣಿಗೆ ಹಡಗಿನ ಅಂತಸ್ತಿನಿಂದಲೇ ಹತ್ತಿ ಕೂರುತ್ತೀರಿ, ಆಮೇಲೆ ಅದನ್ನು ಇಳಿಸುತ್ತಾರೆ. ಈಜು ಕೇಳುವವರು ಅಲ್ಲಿ ಯಾರೂ ಇಲ್ಲ. ನಮ್ಮ ಕುಂದಾಪುರದ ಕಡೆ ಜೀವಮಾನವಿಡೀ ಮೀನು ಹಿಡಿದೂ ಈಜು ಬಾರದವರಿದ್ದಾರೆ.

ಅತ್ತೆಯವರಿಗೆ ಒಂದು ಮಾತು ಹೇಳಿ: ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಕೂತಾಗಲೇ ಬಂಗಾಳ ಕೊಲ್ಲಿ ದಾಟಿ ಆಗಿರುತ್ತದೆ. ಉಳಿದದ್ದಕ್ಕೆ ನನ್ನಲ್ಲಿ ಔಷಧವಿಲ್ಲ.

ಇನ್ನು ವಾಂತಿ. ನಾನು ಸಮುದ್ರದ ಸದ್ದು ಕೇಳುತ್ತಲೇ ಬೆಳೆದವನು. ಆದರೂ ನನ್ನ ಮೊದಲ ಹಡಗಿನ ಮೂರನೇ ರಾತ್ರಿ, ಒಬ್ಬರಿಗೆ ವಾಂತಿಯ ಇಂಜೆಕ್ಷನ್ ಚುಚ್ಚಿ, ಹತ್ತಿಯನ್ನು ಅವರ ಕೈಗೇ ಒತ್ತಿ ಹಿಡಿಯಲು ಕೊಟ್ಟು, ಪಕ್ಕದ ಸಿಂಕಿನಲ್ಲಿ ನಾನೇ ವಾಂತಿ ಮಾಡಿದೆ. ನರ್ಸ್ ಏನೂ ಮಾತಾಡದೆ ಒಂದು ಹಸಿರು ಸೇಬು ತಂದುಕೊಟ್ಟಳು. ಆದ್ದರಿಂದ ಇದು ದೌರ್ಬಲ್ಯ, ಮನಸ್ಸಿನ ಭ್ರಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಳಕಿವಿಯಲ್ಲಿ ನಮ್ಮ ಚಲನೆ ಅಳೆಯುವ ಅಂಗವಿದೆ. ಕೋಣೆಯೊಳಗೆ ಕೂತಾಗ ಕಣ್ಣು 'ಎಲ್ಲ ನಿಂತಿದೆ' ಎನ್ನುತ್ತದೆ, ಕಿವಿ 'ಅಲ್ಲಾಡುತ್ತಿದ್ದೀವಿ' ಎನ್ನುತ್ತದೆ. ಇಬ್ಬರ ಸಾಕ್ಷಿ ಹೊಂದದೆ ಮಿದುಳು ತಬ್ಬಿಬ್ಬಾದಾಗ ಹೊಟ್ಟೆ ತೊಳಸುತ್ತದೆ. ಒಳಕಿವಿಯ ಆ ಅಂಗ ಪೂರ್ತಿ ಕೆಟ್ಟವರಿಗೆ ಈ ತೊಂದರೆ ಬರುವುದೇ ಇಲ್ಲ. ಬಸ್ಸಿನ ಡ್ರೈವರಿಗೂ ಬರುವುದಿಲ್ಲ, ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತಿರುತ್ತದೆ.

ಘಾಟಿಯಲ್ಲಿ ವಾಂತಿಯಾದವರಿಗೆ ಹಡಗಿನಲ್ಲೂ ಆಗಿಯೇ ತೀರುತ್ತದೆ ಎನ್ನುವುದು ಅರ್ಧ ಸತ್ಯ. ಪ್ರವೃತ್ತಿ ನಿಮಗಿದೆ, ಸರಿ. ಆದರೆ ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು, ಬ್ರೇಕು, ಡೀಸೆಲ್ ವಾಸನೆ, ಮುಂದಿನ ಸೀಟಿನವರ ಹೂವಿನ ವಾಸನೆ, ಎಲ್ಲ ಒಟ್ಟಿಗೆ ಸೇರುತ್ತವೆ. ಸಮುದ್ರದಲ್ಲಿ ಹೊಟ್ಟೆ ಕೆಡಿಸುವುದು ನಿಧಾನದ ಉಯ್ಯಾಲೆ, ಸುಮಾರು ಐದು ಸೆಕೆಂಡಿಗೊಮ್ಮೆ ಎದ್ದು ಇಳಿಯುವಂಥದ್ದು. ಅದಕ್ಕೆ ಅಲೆ ಬೇಕು. ನಿಮ್ಮ ದಾರಿಯಲ್ಲಿ ಆ ಅಲೆ ಕಡಿಮೆ. ಮಲಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯ ಪರ್ಯಾಯ ದ್ವೀಪ ಗೋಡೆಯಂತೆ ನಿಂತಿವೆ. ಫುಕೆಟ್ ಇರುವ ಅಂಡಮಾನ್ ಸಮುದ್ರ ಮೇಯಿಂದ ಅಕ್ಟೋಬರ್‌ವರೆಗೆ ಒರಟು, ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಶಾಂತ. ನಮ್ಮ ಕರಾವಳಿಯಲ್ಲೂ ಇದೇ ಲೆಕ್ಕ ಇದೆಯಲ್ಲ. ಜೂನ್ ಜುಲೈ ಮೀನುಗಾರಿಕೆ ನಿಷೇಧ, ಆಮೇಲೆ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟೇ ದೋಣಿ ಇಳಿಸುವುದು. ನಿಮ್ಮ ಮಗ ಜುಲೈಯಲ್ಲಿ ಅರಬ್ಬೀ ಸಮುದ್ರಕ್ಕೆ ಟಿಕೆಟ್ ಮಾಡಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು.

ಕೋಣೆ ಇನ್ನೂ ಹಂಚಿಕೆಯಾಗಿಲ್ಲದಿದ್ದರೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಟ್ಟನಡುವೆ ಕೇಳಲು ಮಗನಿಗೆ ಹೇಳಿ. ಏತದ ಮರ ನೆನಪಿಸಿಕೊಳ್ಳಿ, ತುದಿ ಎಷ್ಟೇ ಏರಿಳಿದರೂ ನಡು ಅಷ್ಟಾಗಿ ಅಲ್ಲಾಡುವುದಿಲ್ಲ. ಹದಿಮೂರನೇ ಅಂತಸ್ತಿನ ಮೂತಿಯಲ್ಲಿರುವ ಕೋಣೆಗೆ ನೋಟ ಚಂದ, ಹೊಟ್ಟೆಗಲ್ಲ. ಒಂದು ಕಿಟಕಿಯಾದರೂ ಇರಲಿ, ದಿಗಂತ ಕಂಡರೆ ಕಣ್ಣು ಕಿವಿಯ ಜಗಳ ಇಳಿಯುತ್ತದೆ.

ಮಾತ್ರೆಯನ್ನು ತೊಳಸು ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ, ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಸಿನ್ನರಿಜಿನ್, ಮೆಕ್ಲಿಜಿನ್, ಬಸ್ಸಿಗೆಂದು ಜನ ಕೇಳಿ ಪಡೆಯುವ ಅವೋಮಿನ್, ಎಲ್ಲವೂ ಕೆಲಸ ಮಾಡುತ್ತವೆ, ಎಲ್ಲವೂ ಸ್ವಲ್ಪ ಮಂಪರು ತರುತ್ತವೆ. ನಿಮಗೆ ಯಾವುದು ಒಗ್ಗುತ್ತದೆ ಎಂದು ನಿಮ್ಮ ಡಾಕ್ಟರನ್ನು ಕೇಳಿ, ಹೊರಡುವ ಮೊದಲೇ ಮನೆಯಲ್ಲಿ ಒಂದು ಸಂಜೆ ನುಂಗಿ ನೋಡಿ. ನಿಮ್ಮ ಮಾತ್ರೆಯನ್ನು ಯಜಮಾನರಿಗೆ ಹಂಚಬೇಡಿ. ಆ ವಯಸ್ಸಿನ ಗಂಡಸರಿಗೆ ಪ್ರಾಸ್ಟೇಟ್ ದಪ್ಪಗಾಗಿದ್ದರೆ ಅವೋಮಿನ್ ಜಾತಿಯ ಔಷಧಿಯಿಂದ ಮೂತ್ರ ಕಟ್ಟಿಕೊಳ್ಳಬಹುದು. ನಡುರಾತ್ರಿ ಅದಕ್ಕಾಗಿ ನಳಿಕೆ ಹಾಕಿಸಿಕೊಂಡವರನ್ನು ಕಂಡಿದ್ದೇನೆ. ಕಿವಿಯ ಹಿಂದೆ ಅಂಟಿಸುವ ಪಟ್ಟಿಯನ್ನೂ ಕೆಲವರು ಕೊಡುತ್ತಾರೆ. ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡದ ಕಾಯಿಲೆ, ಇರುವವರಿಗೆ ಅದು ಬೇಡ, ವಯಸ್ಸಾದವರಿಗೆ ಗೊಂದಲವನ್ನೂ ಹತ್ತಿಸುತ್ತದೆ. ನಿಂಬೆಹಣ್ಣು ಮೂಸುವುದು, ಶುಂಠಿ ಜಗಿಯುವುದು ಇವೆಲ್ಲ ಮಾಡಿ, ಕೆಡುಕಿಲ್ಲ. ಹೊಟ್ಟೆ ಖಾಲಿ ಬಿಡಬೇಡಿ. ವಾಂತಿಯಾಗುತ್ತದೆಂದು ಉಪವಾಸ ಕೂತವರೇ ಹೆಚ್ಚು ನರಳಿದ್ದನ್ನು ನೋಡಿದ್ದೇನೆ.

ಈಗ ಆ ಅರ್ಧ ಸಾಲು.

ಜುಲೈಯ ಸ್ಟೆಂಟಿಗೆ ಡಿಸೆಂಬರಿಗೆ ಐದು ತಿಂಗಳಾಗುತ್ತದೆ. ಇಷ್ಟಕ್ಕೇ ಪ್ರಯಾಣ ಬೇಡ ಎನ್ನುವ ಕಾಲ ಇದಲ್ಲ. ಆದರೆ 'ಚೆನ್ನಾಗಿದ್ದಾರೆ' ಎಂದು ನೀವು ಹೇಳುವುದಕ್ಕೂ ಅವರ ಹೃದಯ ತಜ್ಞರು ಬರೆದುಕೊಡುವುದಕ್ಕೂ ವ್ಯತ್ಯಾಸವಿದೆ. ನವೆಂಬರಿನಲ್ಲಿ ಒಮ್ಮೆ ಅವರ ಹತ್ತಿರ ಹೋಗಿ ಕೇಳಬೇಕಾದ್ದು ಇಷ್ಟು. ಸ್ಟೆಂಟ್ ಹಾಕಿದ್ದು ಹೃದಯಾಘಾತವಾಗಿಯೇ, ಅಲ್ಲ ಎದೆನೋವೆಂದು ಮುಂಚಿತವಾಗಿಯೇ? ಬೇರೆ ರಕ್ತನಾಳದಲ್ಲಿ ಅಡ್ಡಿ ಉಳಿದಿದೆಯೇ? ಎಕೋದಲ್ಲಿ ಪಂಪಿಂಗ್ ಎಷ್ಟು? ಎರಡು ಮಹಡಿ ಮೆಟ್ಟಿಲು ನಿಲ್ಲದೆ ಹತ್ತಿದರೆ ಎದೆ ಹಿಡಿಯುತ್ತದೆಯೇ, ಉಸಿರು ಕಟ್ಟುತ್ತದೆಯೇ? ಈ ಕೊನೆಯದನ್ನು ಮನೆಯಲ್ಲಿ ನೀವೇ ಗಮನಿಸಬಹುದು. ಗಂಡಸರು ಡಾಕ್ಟರ ಮುಂದೆ ಸುಳ್ಳು ಹೇಳುತ್ತಾರೆ, ಹೆಂಡತಿ ಜೊತೆಗಿದ್ದರೆ ನಿಜ ಹೊರಬರುತ್ತದೆ.

ಹಡಗಿನ ಆಸ್ಪತ್ರೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ನಿಮಗೆ ಗೊತ್ತಿರಬೇಕು. ವೈದ್ಯರು, ನರ್ಸ್‌ಗಳು ಹಗಲೂ ರಾತ್ರಿ ಇರುತ್ತಾರೆ. ನಾನು ಕೆಲಸ ಮಾಡಿದ ಕಡೆಯೆಲ್ಲ ಇಸಿಜಿ, ಎಕ್ಸ್‌ರೇ, ಸಣ್ಣ ರಕ್ತಪರೀಕ್ಷೆ, ಆಮ್ಲಜನಕ, ವೆಂಟಿಲೇಟರ್, ಹೆಪ್ಪು ಕರಗಿಸುವ ಇಂಜೆಕ್ಷನ್ ಇದ್ದವು. ಆಂಜಿಯೋಗ್ರಾಂ ಕೋಣೆ ಇರಲಿಲ್ಲ, ರಕ್ತ ಭಂಡಾರವೂ ಇರಲಿಲ್ಲ. ನಾವು ರೋಗಿಯನ್ನು ಹಿಡಿದು ನಿಲ್ಲಿಸಿ ಮುಂದಿನ ಬಂದರಿಗೆ ಒಪ್ಪಿಸುತ್ತಿದ್ದೆವು, ಅಷ್ಟೇ. ನಿಮ್ಮ ದಾರಿಯಲ್ಲಿ ಬಂದರುಗಳು ಹತ್ತಿರ ಹತ್ತಿರ ಇವೆ. ಪೆನಾಂಗ್ ಅಂತೂ ಸುತ್ತಲ ದೇಶದವರು ಚಿಕಿತ್ಸೆಗೆಂದೇ ಬರುವ ಊರು. ಇದು ನಿಮ್ಮ ಪಾಲಿಗೆ ಒಳ್ಳೆಯದು. ವಾರಗಟ್ಟಲೆ ಮಹಾಸಾಗರ ದಾಟುವ ಪ್ರಯಾಣವಾಗಿದ್ದರೆ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದೆ.

ಒಂದು ರಾತ್ರಿ ಧ್ವನಿವರ್ಧಕದಲ್ಲಿ 'ಆಲ್ಫಾ, ಆಲ್ಫಾ' ಎಂದು ಕೂಗಿದರು, ನಮ್ಮಲ್ಲಿ ಅದು ವೈದ್ಯಕೀಯ ತುರ್ತಿನ ಕರೆ. ಓಡಿಹೋದರೆ ಎಪ್ಪತ್ತರ ಹತ್ತಿರದ ಒಬ್ಬರು ಎದೆ ಹಿಡಿದು ಕೂತಿದ್ದರು. ಇಸಿಜಿಯಲ್ಲಿ ಒಂದು ಕಡೆ ಗೆರೆ ತಲೆಕೆಳಗಾಗಿತ್ತು. ಇದು ಈಗಿನದೋ, ಹಳೆಯ ಆಘಾತದ ಕಲೆಯೋ? ಅದೊಂದು ಗೊತ್ತಾಗಿದ್ದರೆ ಹಡಗನ್ನು ತಿರುಗಿಸಬೇಕೆ ಬೇಡವೇ ಎಂದು ಕ್ಯಾಪ್ಟನ್‌ಗೆ ಹೇಳಬಹುದಿತ್ತು. ಅವರ ಹಳೆಯ ಇಸಿಜಿ ಊರಿನ ಗಾಡ್ರೇಜ್ ಬೀರುವಿನಲ್ಲಿತ್ತು. ಕೀಲಿಕೈ ಮಾತ್ರ ಅವರ ಹೆಂಡತಿಯ ಸೊಂಟದಲ್ಲಿತ್ತು. ಮೇಡಂ, ನಿಮ್ಮ ಯಜಮಾನರ ಇತ್ತೀಚಿನ ಇಸಿಜಿ, ಡಿಸ್ಚಾರ್ಜ್ ಸಮ್ಮರಿ, ಔಷಧ ಚೀಟಿ, ಮೂರರ ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಮಗನ ಫೋನಿನಲ್ಲೂ ಇಟ್ಟುಕೊಳ್ಳಿ. ನಾನು ಇಷ್ಟುದ್ದ ಬರೆಯುತ್ತಿರುವುದರಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಅದು ಇದಾಗಿರಲಿ.

ಎರಡನೆಯದು ಔಷಧಿಯ ಚೀಲ. ಬಂದರಿನಲ್ಲಿ ದೊಡ್ಡ ಸೂಟ್‌ಕೇಸನ್ನು ನಿಮ್ಮಿಂದ ತೆಗೆದುಕೊಂಡು, ಸಂಜೆಯ ಹೊತ್ತಿಗೆ ಕೋಣೆ ಬಾಗಿಲಿಗೆ ತಂದಿಡುತ್ತಾರೆ. ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯರ ಸೂಟ್‌ಕೇಸ್ ರಾತ್ರಿ ಹತ್ತಾದರೂ ಬರಲಿಲ್ಲ. ಅದರೊಳಗೆ ಇಸ್ತ್ರಿಪೆಟ್ಟಿಗೆ ಇತ್ತು. ಬಿಸಿ ಮಾಡುವ ಸಾಮಾನು ಬೆಂಕಿಯ ಭಯಕ್ಕೆ ನಿಷಿದ್ಧ, ಹಾಗಾಗಿ ಪೆಟ್ಟಿಗೆಯನ್ನು ಭದ್ರತಾ ಸಿಬ್ಬಂದಿ ತಡೆದಿಟ್ಟಿದ್ದರು. ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ಅವರ ಇನ್ಸುಲಿನ್. ನಾನು ನೋಡುವ ಹೊತ್ತಿಗೆ ಸಕ್ಕರೆ ನಾನೂರು ದಾಟಿತ್ತು. ಎಲ್ಲ ಔಷಧಿಯೂ ಕೈಚೀಲದಲ್ಲೇ ಇರಲಿ, ವಿಮಾನದಲ್ಲೂ ಹಾಗೆಯೇ. ಲಗೇಜಿಗೆ ಹಾಕಿದ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ನಾಲ್ಕು ದಿನಕ್ಕೆ ಎಂಟು ದಿನದ ಮಾತ್ರೆ ಒಯ್ಯಿರಿ. ರಕ್ತ ಹೆಪ್ಪುಗಟ್ಟದಂತೆ ಅವರು ನುಂಗುವ ಎರಡು ಮಾತ್ರೆಗಳು ಸ್ಟೆಂಟಿಗೆ ಕಾವಲು. ಒಂದು ಹೊತ್ತೂ ತಪ್ಪಬಾರದು.

ಸಕ್ಕರೆಯ ವಿಷಯದಲ್ಲಿ ಸಮುದ್ರದ್ದೇ ಆದ ಒಂದು ಅಪಾಯವಿದೆ. ಮಾತ್ರೆ ನುಂಗಿ, ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅದನ್ನೂ ತೆಗೆದುಕೊಂಡು, ಊಟ ಮಾಡಿ, ಅದೆಲ್ಲ ವಾಂತಿಯಾದರೆ ಸಕ್ಕರೆ ಧಡಕ್ಕನೆ ಇಳಿಯಬಹುದು. ಬೆವರು, ನಡುಕ ಬಂದಾಗ ಅದನ್ನು 'ಹಡಗಿನ ತೊಂದರೆ' ಎಂದು ಮಲಗಿಸಿಬಿಡುತ್ತಾರೆ. ಗ್ಲೂಕೋಮೀಟರ್ ಹಾಸಿಗೆ ಪಕ್ಕದಲ್ಲಿರಲಿ, ಸಂಶಯ ಬಂದರೆ ಮೊದಲು ಬೆರಳು ಚುಚ್ಚಿ. ವಾಂತಿ ಭೇದಿಯ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಇನ್ಸುಲಿನ್ ಇದ್ದರೆ ಎಷ್ಟು ಕಡಿಮೆ ಮಾಡಬೇಕು ಎಂದು ಅವರ ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ. ಭೇದಿ ಎಂದಾಗ ನೆನಪಾಯಿತು. ನೊರೋವೈರಸ್ ಹಡಗಿನ ರೋಗವೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅಮೆರಿಕದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಅದು ಗುಂಪುಗುಂಪಾಗಿ ಹಬ್ಬಿದ ಪ್ರಕರಣಗಳಲ್ಲಿ ಹಡಗಿನವು ನೂರಕ್ಕೆ ಒಂದರಷ್ಟೇ. ಆದರೆ ಅದಕ್ಕೆ ಬಾಗಿಲಲ್ಲಿ ಚಿಮುಕಿಸುವ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಬಫೆಯ ಚಿಮಟ ಮುಟ್ಟಿದ ಮೇಲೆ, ತಿನ್ನುವ ಮೊದಲು, ಸೋಪು ಹಾಕಿ ಕೈ ತೊಳೆಯಬೇಕು.

ವಿಮೆ ಮಾಡಿಸುವಾಗ ಸ್ಟೆಂಟ್, ಸಕ್ಕರೆ ಎರಡನ್ನೂ ಬರೆಯಿರಿ. ಪ್ರೀಮಿಯಂ ಏರುತ್ತದೆಂದು ಏಜೆಂಟರೇ 'ಬಿಡಿ ಸಾರ್' ಎನ್ನುವುದುಂಟು. ಹಡಗಿನ ಆಸ್ಪತ್ರೆಯ ಬಿಲ್ಲು ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ. ನಿಜವಾದ ಖರ್ಚು ಬರುವುದು ನಡುದಾರಿಯ ಬಂದರಿನಲ್ಲಿ ರೋಗಿಯನ್ನು ಇಳಿಸಿದಾಗ: ಅಲ್ಲಿನ ಆಸ್ಪತ್ರೆ, ಜೊತೆಯವರ ಹೋಟೆಲು, ವಾಪಸ್ ವಿಮಾನ. ಹಳೆಯ ಕಾಯಿಲೆಗೆ ಪಾಲಿಸಿ ಎಷ್ಟು ಕೊಡುತ್ತದೆ, ತುರ್ತು ಸಾಗಣೆ ಸೇರಿದೆಯೇ ಎಂಬ ಎರಡು ಸಾಲನ್ನು ಮಗನಿಗೆ ಓದಲು ಹೇಳಿ.

ಹಾಗಾದರೆ ಏನು ಮಾಡುವುದು? ಹೃದಯ ತಜ್ಞರು ಹೂಂ ಎಂದರೆ, ಮೆಟ್ಟಿಲ ಪರೀಕ್ಷೆ ಪಾಸಾದರೆ, ಹೊರಡಿ. ಇದು ಮೊದಲ ಕ್ರೂಸಿಗೆ ಹೇಳಿ ಮಾಡಿಸಿದಂಥ ದಾರಿ, ಗಿಡ್ಡ ಪ್ರಯಾಣ, ಶಾಂತ ಸಮುದ್ರ. ಕಳೆದೊಂದು ತಿಂಗಳಲ್ಲಿ ಎದೆನೋವು ಬಂದಿದ್ದರೆ, ಅಥವಾ ಔಷಧಿ ಬದಲಾಗುತ್ತಲೇ ಇದ್ದರೆ, ಮುಂದೂಡಿ. ದಿನ ಬದಲಿಸಲು ಸ್ವಲ್ಪ ದುಡ್ಡು ಹೋಗುತ್ತದೆ, ಕೊನೆಯ ವಾರಗಳಲ್ಲಿ ಪೂರ್ತಿಯೇ ಹೋಗಬಹುದು, ಆದ್ದರಿಂದ ಕೊನೆಯ ದಿನಾಂಕ ಯಾವುದೆಂದು ಈಗಲೇ ಕೇಳಿಟ್ಟುಕೊಳ್ಳಿ. ಮಗ ಸೊಸೆ ಮೊಮ್ಮಕ್ಕಳು ಹಡಗಿಗೆ ಹೋಗಿ, ನೀವಿಬ್ಬರೂ ಅವರ ಮನೆಯಲ್ಲೇ ಇರುವುದು ಮೂರನೆಯ ದಾರಿ. ಅಪಾಯ ಕಡಿಮೆ, ಬೇಸರ ಹೆಚ್ಚು. ನನ್ನನ್ನು ಕೇಳಿದರೆ ಅದನ್ನು ಕೊನೆಗೆ ಇಡುತ್ತೇನೆ.

ಹೋದರೂ ಫುಕೆಟ್‌ನಲ್ಲಿ ಒಂದು ಎಚ್ಚರ. ಪೆನಾಂಗ್‌ನಲ್ಲಿ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ, ನಡೆದು ಇಳಿಯಬಹುದು. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಹಲವು ಸಲ ದಡದಿಂದ ದೂರ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಯಲ್ಲಿ ಸಾಗಿಸುತ್ತವೆ. ವಾಂತಿ ನಿಜವಾಗಿ ಬರುವುದು ಆ ಸಣ್ಣ ದೋಣಿಯಲ್ಲಿ. ಅಲುಗಾಡುವ ದೋಣಿಗೆ ಕಾಲಿಡುವಾಗ ಜಾರಿದರೆ, ರಕ್ತ ತೆಳುವಾಗಿಸುವ ಎರಡು ಮಾತ್ರೆ ನುಂಗುವವರಿಗೆ ಸಣ್ಣ ಏಟೂ ದೊಡ್ಡ ಬಾವು. ನೀರು ಎದ್ದಿದ್ದು ಕಂಡರೆ ಆ ದಿನ ಹಡಗಿನಲ್ಲೇ ಉಳಿಯಿರಿ. ಅರ್ಧ ಜನ ಇಳಿದುಹೋಗಿರುತ್ತಾರೆ, ಪ್ರಶಾಂತವಾಗಿರುತ್ತದೆ.

ಊಟದ ಚಿಂತೆ ಅಷ್ಟು ಬೇಡ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ನಮ್ಮವರೇ ಬಹಳ, ಮೊದಲೇ 'ಇಂಡಿಯನ್ ವೆಜಿಟೇರಿಯನ್' ಎಂದು ಬರೆಸಿದರೆ ಅನ್ನ ಸಾರು ಪಲ್ಯಕ್ಕೆ ಮೋಸವಿಲ್ಲ. ಕೇಕಿನಲ್ಲಿ ಮೊಟ್ಟೆ, ಜೆಲ್ಲಿಯಲ್ಲಿ ಜೆಲಾಟಿನ್, ಸೊಪ್ಪಿನ ಪಲ್ಯದಂತೆ ಕಾಣುವುದರಲ್ಲೂ ಮೀನಿನ ಸಾಸ್ ಇರಬಹುದು, ಕೇಳಿ ಹಾಕಿಸಿಕೊಳ್ಳಿ. ಫಿಲ್ಟರ್ ಕಾಫಿ ಮಾತ್ರ ಮರೆತುಬಿಡಿ. ಚಟ್ನಿಪುಡಿ ಒಯ್ಯುವಾಗ ಒಂದು ವಿಷಯ, ಗಸಗಸೆ ಸಿಂಗಪುರದಲ್ಲಿ ನಿಷಿದ್ಧ. ಪಾಯಸಕ್ಕೆಂದು ಸೊಸೆಗೆ ಕಟ್ಟಿಕೊಂಡು ಹೋಗಬೇಡಿ. ಹೊಗೆಸೊಪ್ಪೂ ಹಾಗೆಯೇ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೆ ಅಲ್ಲಿನ ಸರ್ಕಾರದ ಮುಂಗಡ ಅನುಮತಿ ಬೇಕಾಗಬಹುದು.

ವೀಸಾ ಬಗ್ಗೆ ಒಂದೇ ಮಾತು. ಹಡಗು ಸಿಂಗಪುರ ಬಿಟ್ಟು ವಾಪಸ್ ಬಂದಾಗ ಅದು ನಿಮ್ಮ ಎರಡನೇ ಪ್ರವೇಶ. ಆದ್ದರಿಂದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅವಕಾಶ ಕೊಡುವಂಥದ್ದೇ ಎಂದು ನೋಡಿಕೊಳ್ಳಿ. ಮಲೇಷ್ಯಾ, ಥೈಲ್ಯಾಂಡ್ ನಿಯಮ ಆಗಾಗ ಬದಲಾಗುತ್ತವೆ, ಇಳಿಯದಿದ್ದರೂ ಅನ್ವಯಿಸಬಹುದು, ಹೊರಡುವ ತಿಂಗಳು ವಿಚಾರಿಸಿ. ಹಡಗು ಹೊರಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುಸಮುದ್ರದಲ್ಲಿ ಹಡಗಿನ ಮೊಬೈಲ್ ಜಾಲಕ್ಕೆ ಸಿಕ್ಕಿಕೊಂಡರೆ ಅತ್ತೆಯವರಿಗೆ ಮಾಡಿದ ಒಂದು ಕರೆಯ ಬಿಲ್ಲು ನೋಡಿ ತಲೆ ತಿರುಗುತ್ತದೆ.

ಮತ್ತೊಂದು. ವಾಪಸ್ ಬಂದು ಮಗನ ಮನೆಯ ಬಚ್ಚಲಲ್ಲಿ ಕಣ್ಣು ಮುಚ್ಚಿ ತಲೆಗೆ ನೀರು ಹುಯ್ದುಕೊಳ್ಳುವಾಗ ನೆಲ ಮೆಲ್ಲಗೆ ತೇಲಿದಂತಾಗಬಹುದು. ಅದು ಬಿಪಿ ಅಲ್ಲ, ಗಾಬರಿಯಾಗಬೇಡಿ. ಮಿದುಳು ಇನ್ನೂ ಹಡಗಿನಲ್ಲೇ ಇದೆ. ಒಂದೆರಡು ದಿನದಲ್ಲಿ ಅದೂ ಇಳಿದು ಬರುತ್ತದೆ. ಅಲ್ಲಿಯವರೆಗೆ ಗೋಡೆಗೆ ಒಂದು ಕೈ ಕೊಟ್ಟುಕೊಂಡು ಸ್ನಾನ ಮಾಡಿ.